ಅಳುವವರ ಕುಂಡದಲ್ಲಿ ಎದ್ದ ಅಣಬೆ

ಮಗು ಅತ್ತರೆ ಎಲ್ಲರೂ ಮಾಡುವುದು ಹೆಚ್ಚುಕಡಿಮೆ ಒಂದೇ. ಎತ್ತಿಕೊಂಡು ಕುಣಿಸುತ್ತಾರೆ, ಗಿಲಕಿ ಅಲ್ಲಾಡಿಸುತ್ತಾರೆ, ಇಲ್ಲದ ಕಾಗೆಯನ್ನು ತೋರಿಸುತ್ತಾರೆ, ಯಾವುದೂ ನಡೆಯದಿದ್ದರೆ ಮೊಬೈಲ್ ಕೈಗೆ ಕೊಟ್ಟು ಉಸ್ಸಪ್ಪಾ ಎಂದು ಕೂರುತ್ತಾರೆ. ನೀರಜ್ಜಿಯ ದಾರಿಯೇ ಬೇರೆ. ಅವರು ಅಳುವ ಮಗುವಿನ ಎದುರು ಕುಕ್ಕರಗಾಲಲ್ಲಿ ಕೂತು, ದೊಡ್ಡವರ ಹತ್ತಿರ ಮಾತಾಡುವ ಧಾಟಿಯಲ್ಲೇ ಕೇಳುತ್ತಾರೆ: "ಅಳ್ತಾ ಇದ್ದೀಯಾ? ಅಳು, ಪರವಾಗಿಲ್ಲ. ಗಿಡಕ್ಕೆ ನೀರು ಹಾಕೋಕೆ ಯಾರೂ ಸಿಕ್ತಾ ಇಲ್ಲ ಕಣೋ. ಅಳ್ತಾ ಅಳ್ತಾನೇ ಹಾಕ್ಬಿಡ್ತೀಯಾ?"

ಹಾಗೆಂದು ಒಂದು ಪುಟ್ಟ ಸ್ಟೀಲ್ ಲೋಟ ಕೊಡುತ್ತಾರೆ. ಮಗು ಬಿಕ್ಕುತ್ತಾ ನಲ್ಲಿಯವರೆಗೆ ಹೋಗುತ್ತದೆ. ಅರ್ಧ ನೀರನ್ನು ದಾರಿಯಲ್ಲೇ ಚೆಲ್ಲಿ, ಉಳಿದದ್ದನ್ನು ಕಿಟಕಿಯ ಕೆಳಗಿನ ದೊಡ್ಡ ಸಿಮೆಂಟ್ ಕುಂಡಕ್ಕೆ ಸುರಿಯುತ್ತದೆ. ಮತ್ತೆ ಹೋಗುತ್ತದೆ, ಮತ್ತೆ ಬರುತ್ತದೆ. ಸ್ವಲ್ಪ ಹೊತ್ತಿಗೆ ತಾನು ಯಾಕೆ ಅಳುತ್ತಿದ್ದೆ ಎಂಬುದೇ ಅದಕ್ಕೆ ಮರೆತುಹೋಗಿರುತ್ತದೆ, ಇನ್ನೊಂದು ಮಗು ಬಂದು ಲೋಟಕ್ಕೆ ಕೈ ಹಾಕಿದರೆ ಜಗಳಕ್ಕೇ ನಿಲ್ಲುತ್ತದೆ. ಆ ಅಜ್ಜಿಗೆ ನೀರಜ್ಜಿ ಎಂಬ ಹೆಸರು ಬಂದದ್ದು ಹೀಗೆ. ಕುಂಡಕ್ಕೂ ಒಂದು ಹೆಸರಿತ್ತು. ಮನೆಯಲ್ಲಿ ಅದನ್ನು ಅಳುವವರ ಕುಂಡ ಎನ್ನುತ್ತಿದ್ದರು.

ತಾವು ದುಡಿಯುತ್ತಿದ್ದ ನೂಲಿನ ಗಿರಣಿ ಮುಚ್ಚಿದ ಮೇಲೆ ನೀರಜ್ಜಿ ತಮ್ಮ ಮನೆಯ ಮುಂದಿನ ಹಜಾರವನ್ನೇ ಮಕ್ಕಳ ಮನೆ ಮಾಡಿಕೊಂಡಿದ್ದರು. ಕೆಲಸಕ್ಕೆ ಹೋಗುವ ಅಪ್ಪ ಅಮ್ಮಂದಿರು ಬೆಳಿಗ್ಗೆ ಮಕ್ಕಳನ್ನು ಬಿಟ್ಟು, ಸಂಜೆ ಕರೆದೊಯ್ಯುತ್ತಿದ್ದರು. ಆಸ್ಪತ್ರೆಯ ನರ್ಸ್ ಒಬ್ಬರು, ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವಾಕೆ ಒಬ್ಬಳು, ಉಳಿದವರು ಅಂಗಡಿ, ಕಾರ್ಖಾನೆಗಳವರು. ಮಕ್ಕಳ ಸಂಖ್ಯೆ ಹೆಚ್ಚಿದಾಗ ಸೊಸೆ ಬಟ್ಟೆ ಅಂಗಡಿಯ ಕೆಲಸ ಬಿಟ್ಟು ಅತ್ತೆಯ ಜೊತೆ ನಿಂತಳು. ಮಗ ಲಾರಿ ಓಡಿಸುತ್ತಿದ್ದ, ಮನೆಗಿಂತ ಹೆದ್ದಾರಿಯಲ್ಲೇ ಇರುತ್ತಿದ್ದದ್ದು ಹೆಚ್ಚು. ಹಾಗಾಗಿ ಮನೆಯೂ ಕೆಲಸವೂ ಈ ಇಬ್ಬರು ಹೆಂಗಸರದ್ದೇ.

ಅತ್ತೆ ಸೊಸೆ ಒಂದೇ ಸೂರಿನಡಿ, ಅದೂ ಒಂದೇ ಕೆಲಸದಲ್ಲಿ ಇಡೀ ದಿನ ಎಂದರೆ ಬೀದಿಯವರೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡಿದ್ದರು. ಪಾಪ, ಅವರಿಗೆ ನಿರಾಸೆಯಾಯಿತು. ಇಬ್ಬರ ನಡುವೆ ಇದ್ದ ಜಗಳವೆಂದರೆ ಆ ಕುಂಡದ್ದೊಂದೇ. ಸೊಸೆಗೆ ನೆಲ ಕನ್ನಡಿಯ ಹಾಗಿರಬೇಕು. ನಲ್ಲಿಯಿಂದ ಕಿಟಕಿಯವರೆಗೆ ಒರೆಸಿ ಒರೆಸಿ ಅವಳ ಸೊಂಟ ಬಿದ್ದುಹೋಗುತ್ತಿತ್ತು.

"ಅತ್ತೆ, ಇದು ಕುಂಡಾನೋ ಕೆರೆನೋ?"

"ಮಕ್ಕಳ ಅಳು ನಿಲ್ಲುತ್ತೆ ಅನ್ನೋದಾದ್ರೆ ಕೆರೆನೇ ಆಗ್ಲಿ ಬಿಡಮ್ಮ."

"ಗಿಡದ ಬೇರು ಕೊಳೆತುಹೋಗುತ್ತೆ."

"ಗಿಡ ಹೋದ್ರೆ ಇನ್ನೊಂದು ತರೋಣ. ನರ್ಸರಿಯಲ್ಲಿ ಸಿಗುತ್ತೆ," ಎನ್ನುತ್ತಿದ್ದರು ಅತ್ತೆ. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಸೊಸೆ ಒರೆಸುವ ಬಟ್ಟೆಯನ್ನು ಮಾತ್ರ ಸ್ವಲ್ಪ ಜೋರಾಗಿ ಹಿಂಡುತ್ತಿದ್ದಳು.

ಆ ವರ್ಷ ಹೊಸ ಮಕ್ಕಳು ಒಟ್ಟೊಟ್ಟಿಗೇ ಸೇರಿದವು. ಹೊಸ ಮಕ್ಕಳೆಂದರೆ ಅಳು, ಅಳುವೆಂದರೆ ನೀರು. ಅವರಲ್ಲಿ ಟಿಕೆಟ್ ಕೊಡುವಾಕೆಯ ಎರಡು ವರ್ಷದ ಮಗಳು ಎಲ್ಲರನ್ನೂ ಮೀರಿಸಿದಳು. ಅಮ್ಮನ ಸೆರಗು ಕೈ ತಪ್ಪಿದ ಕೂಡಲೇ ಅವಳು ಶುರುಮಾಡಿದರೆ ಎದುರಿನ ಸೈಕಲ್ ಅಂಗಡಿಯವನು ಎದ್ದು ಬಂದು ನೋಡಬೇಕು, ಹಾಗೆ. ಅವಳಿಗೆ ಸೈರನ್ ಎಂದು ಹೆಸರಿಟ್ಟವನು ಅವನೇ. ಅವಳೊಬ್ಬಳೇ ದಿನಕ್ಕೆ ಅರ್ಧ ಬಕೆಟ್ ನೀರು ಹೊತ್ತು ಹಾಕಿರಬೇಕು. ಕುಂಡದ ಮಣ್ಣು ಒಣಗಿದ್ದನ್ನು ಆ ತಿಂಗಳು ಯಾರೂ ನೋಡಲಿಲ್ಲ.

ಹೀಗಿರುವಾಗ ನಾಲ್ಕು ದಿನ ಸಾಲಾಗಿ ರಜೆ ಬಂತು, ಮನೆಯವರ ಓಡಾಟ ಹಿತ್ತಿಲ ಬಾಗಿಲಿನಿಂದಲೇ ನಡೆಯಿತು. ಕಿಟಕಿ ಬಾಗಿಲು ಮುಚ್ಚಿದ ಹಜಾರ ಒಳಗೊಳಗೇ ಬೆಂದು ಬೆವರಿತು. ರಜೆ ಮುಗಿದ ಬೆಳಿಗ್ಗೆ ಅತ್ತೆ ಬಾಗಿಲು ತೆರೆದು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದ ಸೊಸೆಗೆ ಒಂದು ವಿಚಿತ್ರ ಗಮನಕ್ಕೆ ಬಂತು: ಎಲ್ಲ ಮಕ್ಕಳೂ ಬಂದಿದ್ದಾರೆ, ಒಬ್ಬರೂ ಅಳುತ್ತಿಲ್ಲ. ಮಕ್ಕಳ ಮನೆಯಲ್ಲಿ ಸದ್ದಿಲ್ಲ ಎಂದರೆ ಏನೋ ನಡೆದಿದೆ ಎಂದೇ ಅರ್ಥ. ಅವಳು ಒಲೆ ಆರಿಸಿ ಹಜಾರಕ್ಕೆ ಬಂದಳು.

ಮಕ್ಕಳು ಕುಂಡವನ್ನು ಸುತ್ತುವರಿದು ನಿಂತಿದ್ದರು. "ಕೊಡೆ! ಕೊಡೆ!" ಎಂದು ನರ್ಸಿನ ಮಗ ಕೂಗಿದ. ಗಿಡದ ಬುಡದಲ್ಲಿ ನಿಂಬೆಹಣ್ಣಿನ ಬಣ್ಣದ ಅಣಬೆಗಳು ಗುಂಪು ಗುಂಪಾಗಿ ಎದ್ದಿದ್ದವು. ನೋಡಲು ಎಷ್ಟು ಚೆನ್ನಾಗಿದ್ದವೆಂದರೆ ಸೊಸೆ ಒಂದು ಕ್ಷಣ ಬಾಯಿ ಬಿಟ್ಟುಕೊಂಡು ನೋಡುತ್ತಲೇ ನಿಂತಳು. ಆಮೇಲೆ ಅವಳ ಕಣ್ಣು ಅಂಚಿನ ಒಂದು ದಂಟಿನ ಮೇಲೆ ಬಿತ್ತು. ಅದಕ್ಕೆ ಕೊಡೆಯೇ ಇರಲಿಲ್ಲ. ಯಾರೋ ಹೊಸದಾಗಿ ಕಿತ್ತ ಹಾಗಿತ್ತು.

ಆಗ ಅವಳು ಮಾಡಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡಬೇಕು. ಮಕ್ಕಳನ್ನು ಅತ್ತ ಸರಿಸಿ, ಎರಡೂ ಕೈಯಿಂದ ಅಣಬೆಗಳನ್ನು ಬುಡಸಮೇತ ಕಿತ್ತು, ಸೆರಗಿನಲ್ಲಿ ಸುತ್ತಿಕೊಂಡು ಹಿತ್ತಿಲ ಚರಂಡಿಯ ಕಡೆ ಹೊರಟಳು. ಎಸೆದು, ನೀರು ಬಿಟ್ಟು, ನೆಲ ಒರೆಸಿದರೆ ಮುಗಿಯಿತು. ಸರಿಯಾಗಿ ಮಾತು ಬಾರದ ಮಕ್ಕಳು ಮನೆಗೆ ಹೋಗಿ ಏನು ಹೇಳುತ್ತವೆ? ಅವಳು ಕೆಟ್ಟವಳಲ್ಲ. ಬಟ್ಟೆ ಅಂಗಡಿಯ ಕೆಲಸವನ್ನು ಬಿಟ್ಟು ಬಂದವಳು, ಇದೊಂದು ಮುಚ್ಚಿದರೆ ಮುಂದೇನು ಎಂಬುದು ಅವಳಿಗೆ ಅಣಬೆಗಿಂತ ಮೊದಲೇ ಕಂಡಿತ್ತು. ಅವಳ ಜಾಗದಲ್ಲಿದ್ದರೆ ನಮ್ಮಲ್ಲಿ ಎಷ್ಟು ಜನ ಚರಂಡಿಯ ದಾರಿ ಹಿಡಿಯುತ್ತಿರಲಿಲ್ಲ?

ಮಕ್ಕಳನ್ನು ಒಳಗೆ ಬಿಟ್ಟು ಹಿತ್ತಿಲಿಗೆ ಹೋಗಿದ್ದ ಅತ್ತೆ ಬಾಗಿಲಲ್ಲೇ ಎದುರು ನಿಂತಿದ್ದರು.

"ಸೆರಗಲ್ಲಿ ಏನಮ್ಮ?"

"ಏನಿಲ್ಲ ಅತ್ತೆ, ಕಸ."

ಅತ್ತೆ ಸೆರಗು ಬಿಡಿಸಿ ನೋಡಿದರು. ಬೈಯಲಿಲ್ಲ. "ಎಸೀಬೇಡ. ಡಾಕ್ಟ್ರಿಗೆ ಇದನ್ನೇ ತೋರಿಸ್ಬೇಕಾಗುತ್ತೆ," ಎಂದು ಹಳೆಯ ಪೇಪರಿನಲ್ಲಿ ಅಣಬೆಗಳನ್ನು ಸುತ್ತಿಟ್ಟರು. "ಎದ್ದಿದ್ದೆಲ್ಲ ಇದರಲ್ಲೇ ಇದ್ಯಾ? ಮಕ್ಕಳೇನಾದ್ರೂ ಕಿತ್ಕೊಂಡಿದ್ವಾ?"

ಸೊಸೆ ಪೇಪರಿನಲ್ಲಿದ್ದ ಬೋಳು ದಂಟನ್ನು ತೋರಿಸಿದಳು. "ಒಂದರ ಕೊಡೆ ಕಾಣ್ತಿಲ್ಲ."

ಆಮೇಲಿನ ಕೆಲಸ ಚಕಚಕನೆ ನಡೆಯಿತು. ನೀರಜ್ಜಿ ಮಕ್ಕಳನ್ನು ಸಾಲಾಗಿ ಕೂರಿಸಿ, ಒಬ್ಬೊಬ್ಬರದೇ ಬಾಯಿ ತೆರೆಸಿ, ಬೆರಳು ಹಾಕಿ ನೋಡಿ, ಕೈ ಬಾಯಿ ತೊಳೆದರು. ಸೈರನ್ನಿನ ಬೆರಳುಗಳ ಮೇಲೆ ಹಳದಿ ಪುಡಿ ಅಂಟಿತ್ತು.

"ಪುಟ್ಟಿ, ಅದನ್ನ ತಿಂದ್ಯಾ?"

ಪುಟ್ಟಿ ಹೂಂ ಎಂದು ತಲೆಯಾಡಿಸಿದಳು.

ಸೊಸೆ ಅವಳನ್ನು ಬಾಚಿ ಎತ್ತಿಕೊಂಡಳು. ನೀರಜ್ಜಿ ಮಾತ್ರ ಮುಖ ಬದಲಿಸದೆ ಮತ್ತೆ ಕೇಳಿದರು: "ಬಾಗಿಲು ತಿಂದ್ಯಾ?" ಅದಕ್ಕೂ ಹೂಂ. "ಆನೆ ತಿಂದ್ಯಾ?" ಸೈರನ್ ಇನ್ನೂ ಉತ್ಸಾಹದಿಂದ ತಲೆಯಾಡಿಸಿದಳು. ಬೇರೆ ದಿನವಾಗಿದ್ದರೆ ಅತ್ತೆ ಸೊಸೆ ಹೊಟ್ಟೆ ಹಿಡಿದು ನಗುತ್ತಿದ್ದರು.

ನೀರಜ್ಜಿ ಫೋನ್ ತೆಗೆದುಕೊಂಡರು. ಮೊದಲ ಕರೆ ನರ್ಸಿಗೆ. ಅಣಬೆಯ ಸಮೇತ ಮಗುವನ್ನು ತಡಮಾಡದೆ ಆಸ್ಪತ್ರೆಗೆ ತನ್ನಿ, ವಾಂತಿ ಮಾಡಿಸಲು ಹೋಗಬೇಡಿ ಎಂದು ಆಕೆ ಹೇಳಿದಳು. ಎರಡನೇ ಕರೆ ಸೈರನ್ನಿನ ಅಮ್ಮನಿಗೆ. ಅದಾದ ಮೇಲೂ ಅತ್ತೆ ಫೋನ್ ಕೆಳಗಿಡದಿದ್ದಾಗ ಸೊಸೆ ಅವರ ಕೈ ಹಿಡಿದುಕೊಂಡಳು.

"ಅತ್ತೆ, ಪುಡಿ ಇದ್ದದ್ದು ಅವಳೊಬ್ಬಳ ಕೈಯಲ್ಲಿ. ಅವಳಮ್ಮನಿಗೆ ಹೇಳಿದ್ವಲ್ಲ. ಉಳಿದವರಿಗೆಲ್ಲ ಯಾಕೆ? ಒಬ್ಬರೂ ನಾಳೆ ಮಕ್ಕಳನ್ನ ಕಳಿಸಲ್ಲ."

"ಆ ಚೂರು ಯಾರ ಹೊಟ್ಟೇಲಿದೆ ಅಂತ ನಿಂಗೆ ಗೊತ್ತಾ?"

"ಇಲ್ಲ."

"ನಂಗೂ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದನ್ನಾದ್ರೂ ಹೇಳ್ಬೇಕಲ್ವಾ," ಎಂದು ಅತ್ತೆ ಮುಂದಿನ ನಂಬರ್ ಒತ್ತಿದರು.

ಸೊಸೆ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. ಅತ್ತೆ ಪ್ರತಿಯೊಬ್ಬರಿಗೂ ಒಂದೇ ಮಾತು ಹೇಳಿದರು: "ನಾನು ಮಕ್ಕಳ ಕೈಲಿ ಕುಂಡಕ್ಕೆ ಅತಿಯಾಗಿ ನೀರು ಹಾಕಿಸಿದ್ದೆ. ಅದರಲ್ಲಿ ಅಣಬೆ ಎದ್ದಿದೆ. ವಿಷದ್ದೋ ಅಲ್ವೋ ನಂಗೆ ಗೊತ್ತಿಲ್ಲ. ಒಂದು ಚೂರು ಕಾಣ್ತಿಲ್ಲ, ಯಾವ ಮಗು ಬಾಯಿಗೆ ಹಾಕ್ಕೊಂಡಿದೆ ಅಂತಾನೂ ಗೊತ್ತಿಲ್ಲ. ಬಂದು ನಿಮ್ಮ ಮಗೂನ ನೋಡಿ." ಅಷ್ಟೇ. ರಜೆಯಲ್ಲಿ ಎದ್ದಿತು, ನಮ್ಮ ಕಣ್ಣಿಗೆ ಬಿದ್ದ ಕೂಡಲೇ ಕಿತ್ತೆವು, ಇಷ್ಟು ವರ್ಷದಲ್ಲಿ ಒಂದು ಗೀರೂ ಆಗಿಲ್ಲ ಎಂಬಂಥ ಮಾತುಗಳು ಎಷ್ಟೋ ಇದ್ದವು. ಎಲ್ಲವೂ ನಿಜವೇ. ಒಂದನ್ನೂ ಅವರು ಬಳಸಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವವರನ್ನೇ ಜೀವನವಿಡೀ ಕಂಡಿದ್ದ ಸೊಸೆಗೆ, ಮನುಷ್ಯರು ಹೀಗೂ ಮಾತಾಡಬಹುದು ಎಂಬುದು ಆವತ್ತು ಮೊದಲ ಸಲ ಗೊತ್ತಾಯಿತು. ಹೆದರಿಕೆಯ ನಡುವೆಯೂ ಅವಳಿಗೆ ಅತ್ತೆಯ ಮೇಲೆ ಹೇಳಲಾರದಷ್ಟು ಅಭಿಮಾನ ಉಕ್ಕಿತು. ಕೋಪವೂ ಬಂತು, ಅದನ್ನೂ ಹೇಳಬೇಕು.

ಸೈರನ್ನಿನ ಅಮ್ಮ ಆಟೋದಲ್ಲಿ ಬಂದಳು. ಮಗಳನ್ನು ಎತ್ತಿಕೊಂಡು ಯಾರ ಮುಖವನ್ನೂ ನೋಡದೆ ತಿರುಗಿ ಹೊರಟಾಗ, ನೀರಜ್ಜಿ ಪೇಪರಿನ ಪೊಟ್ಟಣ ಹಿಡಿದು, ಕರೆಯದಿದ್ದರೂ ಅದೇ ಆಟೋ ಹತ್ತಿದರು. ಉಳಿದ ಅಪ್ಪ ಅಮ್ಮಂದಿರನ್ನು ಸೊಸೆಯೇ ಎದುರಿಸಬೇಕಾಯಿತು. ಕಾರ್ಖಾನೆಯ ಮೇಸ್ತ್ರಿ ಬೀದಿಗೆ ಕೇಳುವಂತೆ ಕೂಗಾಡಿದ. ಒಬ್ಬಳು ಅಳುತ್ತಲೇ ಮಗುವನ್ನು ಅವುಚಿಕೊಂಡು ಹೋದಳು. ನರ್ಸಿನ ಗಂಡ ಮಗನ ಚೀಲ, ಚಾಪೆ, ಲೋಟಗಳನ್ನೆಲ್ಲ ಒಟ್ಟುಮಾಡಿಕೊಂಡು, "ಯೋಚನೆ ಮಾಡಿ ಹೇಳ್ತೀವಿ," ಎಂದ. ಚಾಪೆ ತೆಗೆದುಕೊಂಡು ಹೋದವರು ಏನು ಯೋಚನೆ ಮಾಡಿ ಹೇಳುತ್ತಾರೆ ಎಂಬುದು ಯಾರಿಗಾದರೂ ಗೊತ್ತಾಗುತ್ತದೆ. ಸೊಸೆ ಬಾಗಿಲು ಹಿಡಿದು ನಿಂತಿದ್ದಳು.

ಎಲ್ಲರೂ ಹೋದ ಮೇಲೆ ಅವಳು ಹಜಾರವನ್ನು ಜಾಲಾಡಿದಳು. ಚಾಪೆ ಕೊಡವಿದಳು, ಗೊಂಬೆಗಳ ಬುಟ್ಟಿ ಬೋರಲು ಹಾಕಿದಳು. ಕೊನೆಗೆ ಆಟದ ಒಲೆಯ ಮೇಲಿದ್ದ ಪುಟ್ಟ ಪ್ಲಾಸ್ಟಿಕ್ ಪಾತ್ರೆಯ ಮುಚ್ಚಳ ತೆಗೆದರೆ, ಒಳಗೆ ಒಂದಿಷ್ಟು ಮಣ್ಣು, ಒಂದು ಎಲೆ, ಜೊತೆಗೆ ಹಳದಿ ಚೂರುಗಳು. ಸೈರನ್ ಅಡುಗೆ ಮಾಡಿದ್ದಳು! ಸೊಸೆ ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಚೂರುಗಳನ್ನು ಪೇಪರಿನ ಮೇಲೆ ಜೋಡಿಸಿದಳು. ಕೊಡೆ ಕೂಡಿಕೊಂಡಿತು. ಹೋದ ಜೀವ ಬಂದಂತಾಗಿ ಅವಳು ಅಲ್ಲೇ ನೆಲದ ಮೇಲೆ ಕೂತು ಅತ್ತೆಗೆ ಫೋನ್ ಮಾಡಿದಳು.

"ಸಿಕ್ತು ಅತ್ತೆ! ಆಟದ ಪಾತ್ರೇಲಿತ್ತು. ಯಾರೂ ತಿಂದಿಲ್ಲ. ನೋಡಿ, ಸುಮ್ನೆ ಊರಿಗೆಲ್ಲ ಡಂಗುರ ಸಾರಿದ್ವಿ. ಒಂದು ಗಂಟೆ ಬಾಯಿ ಮುಚ್ಕೊಂಡಿದ್ರೆ ಯಾರಿಗೂ ಏನೂ ಗೊತ್ತಾಗ್ತಿರ್ಲಿಲ್ಲ."

"ಬೆಳಿಗ್ಗೆ ನಮಗೂ ಏನೂ ಗೊತ್ತಿರ್ಲಿಲ್ಲ ಕಣಮ್ಮ," ಎಂದರು ಅತ್ತೆ. "ಪೂರ್ತಿ ಇದ್ಯಾ?" ಎಂದು ಕೇಳಿದರು.

"ಹೆಚ್ಚುಕಡಿಮೆ ಪೂರ್ತಿ."

"ಹಾಗಾದ್ರೆ ಎಲ್ಲರಿಗೂ ಫೋನ್ ಮಾಡಿ ಹೆಚ್ಚುಕಡಿಮೆ ಪೂರ್ತಿ ಸಿಕ್ತು ಅಂತಾನೇ ಹೇಳು. ಪೂರ್ತಿ ಅನ್ಬೇಡ."

ಈ ಹೆಂಗಸಿನ ಜೊತೆ ಬಾಳುವುದು ಸುಲಭವಲ್ಲ ಎಂದುಕೊಂಡಳು ಸೊಸೆ. ಆದರೂ ಹಾಗೆಯೇ ಹೇಳಿದಳು.

ಆಸ್ಪತ್ರೆಯಲ್ಲಿ ಡಾಕ್ಟರ್ ಪೊಟ್ಟಣ ಬಿಚ್ಚಿ ನೋಡಿದ್ದರು. ಕುಂಡಗಳಲ್ಲಿ ಏಳುವ ಈ ಹಳದಿ ಅಣಬೆ ತಿಂದರೆ ಹೊಟ್ಟೆ ಕೆಡುತ್ತದೆ, ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚಿನದೇನೂ ಆಗುವುದಿಲ್ಲ, ಆದರೂ ಮಗು ಸಂಜೆಯವರೆಗೆ ಕಣ್ಣೆದುರಿಗೇ ಇರಲಿ ಎಂದರು. ಸೈರನ್ ಅಲ್ಲೂ ತನ್ನ ಹೆಸರು ಉಳಿಸಿಕೊಂಡಳು, ಇಡೀ ವಾರ್ಡು ಎದ್ದು ಕೂತಿತು. ಸಂಜೆ ನಗುನಗುತ್ತಾ ಅಮ್ಮನ ಹೆಗಲೇರಿ ಮನೆಗೆ ಹೋದಳು. ಅವಳಮ್ಮ ನೀರಜ್ಜಿಯ ಜೊತೆ ಇಡೀ ದಿನ ಒಂದೇ ಬೆಂಚಿನ ಮೇಲೆ ಕೂತಿದ್ದರೂ ಒಂದು ಮಾತೂ ಆಡಿರಲಿಲ್ಲ.

ಮಾರನೆಯ ದಿನ ಬಂದದ್ದು ಎರಡೇ ಮಕ್ಕಳು. ಅವರ ಮನೆಯವರಿಗೆ ಬೇರೆ ದಾರಿಯಿರಲಿಲ್ಲ, ಅದಕ್ಕೆ ಬಂದರು. ನೀರಜ್ಜಿ ಆ ಎರಡು ಮಕ್ಕಳಿಗೂ ಹಿಂದಿನಂತೆಯೇ ಬಾಗಿಲಲ್ಲಿ ನಿಂತು ಕೈ ಚಾಚಿದರು. ಮಧ್ಯಾಹ್ನ ಮಕ್ಕಳು ಮಲಗಿದಾಗ ನರ್ಸರಿಯವನನ್ನು ಕರೆಸಿ ಕುಂಡ ತೋರಿಸಿದರು. ಅವನು ಮಣ್ಣು ಹಿಸುಕಿ ನೋಡಿದ. "ಗೊಬ್ಬರದ ಮಣ್ಣು, ಮೇಲಿಂದ ಇಷ್ಟು ನೀರು, ಗಾಳಿ ಇಲ್ಲ. ಇನ್ನೇನಾಗುತ್ತಮ್ಮ? ಗಿಡಕ್ಕೇನೂ ತೊಂದ್ರೆ ಇಲ್ಲ. ಮೇಲಿನ ಮಣ್ಣು ತೆಗೆದುಬಿಡಿ, ಬೆಳಕಿಗಿಡಿ, ಬೆರಳಿಟ್ರೆ ಒಣಗಿದೆ ಅನ್ನಿಸೋವರೆಗೂ ನೀರು ಹಾಕ್ಬೇಡಿ. ಆದ್ರೂ ಮತ್ತೆ ಏಳಬಹುದು, ಮಕ್ಕಳ ಕೈಗೆ ಮಾತ್ರ ಸಿಗಬಾರದು," ಎಂದ.

ನೀರಜ್ಜಿ ಅದನ್ನೆಲ್ಲ ಚಾಚೂ ತಪ್ಪದೆ ಮಾಡಿದರು. ಮೇಲಿನ ಮಣ್ಣನ್ನು ಕೆದಕಿ ಚೀಲಕ್ಕೆ ತುಂಬಿ ಕಟ್ಟಿ, ಒಣ ಮಣ್ಣು ಹರಡಿ, ಸೈಕಲ್ ಅಂಗಡಿಯವನ ಕೈಯಿಂದ ಕುಂಡವನ್ನು ಮಹಡಿಗೆ ಹೊರಿಸಿದರು. ಮಹಡಿಯ ಬಾಗಿಲಿಗೆ ಬೀಗ ಬಿತ್ತು. ಅಳುವ ಮಕ್ಕಳಿಗೆ ಈಗ ಬಾಗಿಲ ಕಲ್ಲಿನ ಮೆಟ್ಟಿಲು ತೊಳೆಯುವ ಕೆಲಸ. ಮೆಟ್ಟಿಲ ಮೇಲೆ ಅಣಬೆ ಏಳುವುದಿಲ್ಲ ಎಂದು ಅತ್ತೆ ಹೇಳಿದಾಗ ಸೊಸೆಗೆ ನಗು ಬರಲಿಲ್ಲ. ಖಾಲಿ ಹಜಾರ ಅವಳ ಎದೆಯ ಮೇಲೆ ಕೂತಿತ್ತು.

"ನಿಮಗೆ ಬೇಜಾರೇ ಆಗಲ್ವಾ ಅತ್ತೆ?" ಎಂದು ಅವಳು ಕೊನೆಗೊಮ್ಮೆ ಕೇಳಿಯೇಬಿಟ್ಟಳು.

"ಆಗದೆ ಏನು? ನಾನೇನು ಕಲ್ಲಾ?" ಅತ್ತೆಯ ದನಿ ಮೊದಲ ಸಲ ಸಣ್ಣದಾಯಿತು. "ಆ ಮಗೂನ ಆಟೋದಲ್ಲಿ ನೋಡಿದಾಗಿನಿಂದ ಊಟ ಸೇರ್ತಾ ಇಲ್ಲ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಕೊಂಡು, ಕುಂಡದಲ್ಲಿ ಏನಿದೆ ಅಂತ ನೋಡ್ಲೇ ಇಲ್ಲ."

ಸೊಸೆ ಅವರ ಪಕ್ಕದಲ್ಲಿ ಕೂತಳು.

ಆ ವಾರ ಕಳೆದು, ಇನ್ನೊಂದು ವಾರವೂ ಅರ್ಧ ಮುಗಿದ ಮೇಲೆ, ಒಂದು ಬೆಳಿಗ್ಗೆ ಬೀದಿಯ ತುದಿಯಿಂದಲೇ ಪರಿಚಯದ ಅಳು ಕೇಳಿಸಿತು. ಸೈಕಲ್ ಅಂಗಡಿಯವನು ಎದ್ದು ನಿಂತ. ಸೊಸೆ ಬಾಗಿಲಿಗೆ ಓಡಿದಳು. ಟಿಕೆಟ್ ಕೊಡುವಾಕೆ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಹೆಗಲಿಗೆ ಚೀಲ ಹಾಕಿಕೊಂಡು ಮೆಟ್ಟಿಲ ಕೆಳಗೆ ನಿಂತಿದ್ದಳು. ಅತ್ತೆ ಒಳಗೆ ಮಗುವೊಂದಕ್ಕೆ ಹಾಲು ಕುಡಿಸುತ್ತಿದ್ದರು.

"ಎಲ್ಲ ಕಡೆ ಹೋಗಿ ನೋಡ್ಕೊಂಡು ಬಂದೆ," ಎಂದಳು ಆಕೆ. ಅವಳ ಮುಖದಲ್ಲಿ ನಗುವಿರಲಿಲ್ಲ. "ದೊಡ್ಡ ದೊಡ್ಡ ಜಾಗ, ಒಳ್ಳೊಳ್ಳೆ ಆಟದ ಸಾಮಾನು. ಇಲ್ಲಿ ಏನಾದ್ರೂ ಆದ್ರೆ ಅಂತ ಕೇಳಿದ್ರೆ, ನಮ್ಮಲ್ಲಿ ಏನೂ ಆಗಲ್ಲ ಮೇಡಂ ಅಂತಾರೆ. ಎಲ್ಲ ಕಡೇನೂ ಅದೇ ಮಾತು. ಅದನ್ನ ಕೇಳಿದ್ರೆ ನಂಗೆ ಭಯ ಆಗುತ್ತೆ." ಮಗಳನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು. "ನಿಮ್ಮತ್ತೆ ಏನಾದ್ರೂ ಆದ್ರೆ ಹೇಳ್ತಾರೆ. ಅದು ನಂಗೆ ಗೊತ್ತು. ಅವರಿಗೆ ವಯಸ್ಸಾಯ್ತು, ನಾಳೆ ಇಲ್ಲಿ ನೋಡ್ಕೊಳೋರು ನೀವು. ನೀವೂ ಹಾಗೇ ಹೇಳ್ತೀರಲ್ವಾ?"

ಹೂಂ ಎಂದರೆ ಸಾಕಿತ್ತು. ಸೊಸೆಯ ನಾಲಿಗೆಯ ತುದಿಯಲ್ಲೇ ಇತ್ತು ಆ ಹೂಂ. ಮಗು ಒಳಗೆ ಬರುತ್ತಿತ್ತು, ಇವಳನ್ನು ನೋಡಿ ಇನ್ನಿಬ್ಬರು ಬರುತ್ತಿದ್ದರು, ಹಜಾರ ಮತ್ತೆ ತುಂಬುತ್ತಿತ್ತು. ಒಳಗೆ ಅತ್ತೆಗೆ ಎಲ್ಲವೂ ಕೇಳಿಸುತ್ತಿತ್ತು ಎಂಬುದು ಅವಳಿಗೆ ಗೊತ್ತಿತ್ತು. ಅವರು ಎದ್ದು ಬರಲಿಲ್ಲ.

"ಆವತ್ತು ನಾನು ಎಲ್ಲಾನೂ ಕಿತ್ತು ಚರಂಡಿಗೆ ಹಾಕೋಕೆ ಹೊರಟಿದ್ದೆ," ಎಂದಳು ಸೊಸೆ. "ಯಾರಿಗೂ ಹೇಳೋದು ಬೇಡ ಅಂತಾನೇ ಇದ್ದೆ. ಅತ್ತೆ ಹಿಡಿದು ನಿಲ್ಲಿಸಿದ್ರು."

ಸೈರನ್ನಿನ ಅಮ್ಮ ಅವಳ ಮುಖವನ್ನೇ ನೋಡಿದಳು. ಎಷ್ಟು ಹೊತ್ತು ನೋಡಿದಳೆಂದರೆ, ಮಗು ಕೂಡ ಅಳು ನಿಲ್ಲಿಸಿ ಅಮ್ಮನ ಮುಖ, ಇವಳ ಮುಖ ನೋಡತೊಡಗಿತು. ಸೊಸೆ ತಲೆ ತಗ್ಗಿಸಲಿಲ್ಲ. ಈಕೆ ಹೊರಟುಹೋಗುತ್ತಾಳೆ ಎಂದು ಅವಳಿಗೆ ಖಾತ್ರಿಯಾಗಿತ್ತು.

ಆಕೆ ಮೆಟ್ಟಿಲು ಹತ್ತಿ ಬಂದು ಮಗಳನ್ನು ಸೊಸೆಯ ತೋಳಿಗೆ ಕೊಟ್ಟಳು.

"ಸಂಜೆ ಬರೋದು ಸ್ವಲ್ಪ ತಡವಾಗುತ್ತೆ," ಎಂದು ಚೀಲವನ್ನೂ ಕೊಟ್ಟು, ಸರಸರನೆ ನಿಲ್ದಾಣದ ಕಡೆ ನಡೆದಳು.